ಸೂಜಿಗಣ್ಣು

...ಏಳಬೇಡ, ಏಳಬೇಡ, ಕುರ್ಚಿ ನಾನೇ ಎಳ್ಕೊಳ್ತೀನಿ. ಇದರ ಮೇಲೆ ಏನಿದು, ಫ್ಯಾನಿನ ರೆಕ್ಕೆನಾ? ಗೋಡೆಗೆ ಒರಗಿಸ್ತೀನಿ. ಒರಗಿಸಿದೆ. ನೀನು ಮಾತಾಡಲೇಬೇಕು ಅಂತ ನಾನೇನೂ ಬಂದಿಲ್ಲ. ಎರಡು ತಿಂಗಳು ಮಾತಿಲ್ಲದೆ ಕಳೆದಿದ್ದೀವಿ, ಇನ್ನೊಂದು ಮಧ್ಯಾಹ್ನ ಕಳೆದ್ರೆ ಯಾರ ಗಂಟೇನು ಹೋಗುತ್ತೆ. ಬಾಗಿಲು ತೆಗೆದೆಯಲ್ಲ, ಅಷ್ಟು ಸಾಕು. ಅಕ್ಕ ಬಂದಳು ಅಂತ ತೆಗೆದೆಯೋ, ಮಿಕ್ಸಿ ರಿಪೇರಿಗೆ ಯಾರೋ ಬಂದ್ರು ಅಂತ ತೆಗೆದೆಯೋ, ಅದನ್ನ ನಾನು ಕೇಳಲ್ಲ.

ಕೆಲಸ ನಿಲ್ಲಿಸಬೇಡ. ಕೈ ತನ್ನ ಪಾಡಿಗೆ ತಾನು ಮಾಡ್ತಿರಲಿ, ಕಿವಿ ಮಾತ್ರ ಇತ್ತ ಕೊಡು. ಬೀದಿಯವರ ಮಿಕ್ಸಿಗಳೆಲ್ಲ ನಿನ್ನ ಮೇಜಿನ ಮೇಲೇ ಇರೋ ಹಾಗಿದೆ. ಮೆಟ್ಟಿಲು ಹತ್ತುವಾಗ ಕೆಳಗಿನ ದರ್ಜಿ ತಡೆದು ಹೇಳಿದ, ‘ನಿಮ್ಮ ತಂಗಿ ಕೈಗೆ ಸಿಕ್ಕರೆ ಸತ್ತ ಮಿಷನ್ನೂ ಎದ್ದು ಕೂರುತ್ತೆ’ ಅಂತ. ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ...ಹಾಗ್ಯಾಕೆ ನೋಡ್ತೀಯ? ಹೆಮ್ಮೆ ಪಡೋದಕ್ಕೂ ನಿನ್ನ ಅಪ್ಪಣೆ ಬೇಕಾ? ಸ್ಪಾನರ್ ಹಿಡಿಯೋದು ಬೇರೆ ಯಾರೋ ಕಲಿಸಿರಬಹುದು, ಆದರೆ ಕೈ ಹಿಡಿದು ಆ ಡೈವಿಂಗ್ ಅಂಗಡಿಗೆ ಕರ್ಕೊಂಡು ಹೋಗಿ, ‘ಇವಳು ನನ್ನ ತಂಗಿ, ಸಿಲಿಂಡರ್ ಕೋಣೆ ಇವಳಿಗೆ ಒಪ್ಪಿಸಿ, ಆಮೇಲೆ ನಿದ್ದೆ ಮಾಡಿ’ ಅಂದವಳು ನಾನು. ಹನ್ನೆರಡು ವರ್ಷ ಹೇಗಿಟ್ಟಿದ್ದೆ ಆ ಕೋಣೆನ. ಗಾಳಿ ತುಂಬೋ ಯಂತ್ರ ಮಲಗಿದ ಮಗು ಉಸಿರಾಡಿದ ಹಾಗೆ ನಡೀತಿತ್ತು. ಒಂದು ಕೊಳವೆ ಸೋರಿದ್ದಿಲ್ಲ, ಗಾಳಿ ಎಷ್ಟಿದೆ ಅಂತ ತೋರಿಸೋ ಒಂದು ಗೇಜ್...

ಅಯ್ಯೋ, ಏನೋ ಟಿಣ್ ಅಂತು. ಸ್ಕ್ರೂ ಬಿತ್ತಾ? ನನ್ನ ಮೊಣಕೈ ತಗುಲ್ತು, ಇರು, ನಾನೇ ಹುಡುಕ್ತೀನಿ. ಇಲ್ಲೇ ಎಲ್ಲೋ... ನಿನ್ನ ರೂಮಲ್ಲಿ ಬೆಳಕೇ ಸಾಲದು ಕಣೇ. ಕಿಟಕಿ ಇದೆ, ಸರಿ, ಬಿಸಿಲೂ ಬರ್ತಿದೆ, ಆದರೆ ಬರಬೇಕಾದ ಕಡೆ ಬರ್ತಿಲ್ಲ. ...ಸಿಕ್ತಾ? ಎಲ್ಲಿತ್ತು? ನನ್ನ ಚಪ್ಪಲಿ ಪಕ್ಕದಲ್ಲೇ? ನೆಲದ ಬಣ್ಣವೂ ಸ್ಕ್ರೂ ಬಣ್ಣವೂ ಒಂದೇ ಅಲ್ವಾ, ಯಾರಿಗೆ ಕಾಣುತ್ತೆ. ನೀರೊಳಗಾಗಿದ್ರೆ ಕಣ್ಣು ಮುಚ್ಚಿ ತೋರಿಸ್ತಿದ್ದೆ.

ಯಜಮಾನರು ಅಂಗಡಿ ಮುಂದೆ ಹೊಸ ಬೋರ್ಡ್ ಹಾಕಿಸಿದ್ದಾರೆ, ನೋಡಿದ್ಯಾ? ಆ ಕಡೆ ಹೋಗಿರಲ್ಲ ನೀನು. ‘ಸೂಜಿಗಣ್ಣಿನ ಜೊತೆ ಹುಳುಗಳ ಲೋಕಕ್ಕೆ’ ಅಂತ. ಪಕ್ಕದಲ್ಲಿ ನನ್ನ ಫೋಟೋ, ಬಾಗಿಲಷ್ಟು ದೊಡ್ಡದು. ಇಪ್ಪತ್ತಮೂರು ವರ್ಷ ನೀರಲ್ಲಿ ನೆನೆದದ್ದಕ್ಕೆ ಸಿಕ್ಕ ಬಿರುದು. ಬೇರೆ ಗೈಡುಗಳು ಆಮೆ ತೋರಿಸ್ತಾರೆ. ಆಮೆ ತೋರಿಸೋಕೆ ಗೈಡ್ ಯಾಕೆ ಬೇಕು, ಅದೇ ಬಂದು ಮುಖಕ್ಕೆ ಡಿಕ್ಕಿ ಹೊಡೆಯುತ್ತೆ. ನಾನು ತೋರಿಸೋದು ಗೊಂಡೆಹುಳು. ಚಿಪ್ಪಿಲ್ಲದ ಬಸವನಹುಳು ಅಂದ ತಕ್ಷಣ ಜನ ಮುಖ ಸಿಂಡರಿಸ್ತಾರೆ. ಅದಕ್ಕೆ ಸಮುದ್ರದ ತಳಕ್ಕೆ ಯಾಕಮ್ಮಾ ಹೋಗಬೇಕು, ಮಳೆ ಬಂದ್ರೆ ನಮ್ಮ ಬಚ್ಚಲಿಗೇ ಬರುತ್ತಲ್ಲ ಅಂತಾರೆ. ಕೆಳಗಿಳಿದು ಒಂದೇ ಒಂದು ನೋಡಿದ್ರೋ, ಮುಗೀತು. ಅಕ್ಕಿಕಾಳಿನಷ್ಟು ಮೈ. ಅದರ ಮೇಲೆ ನೀಲಿ, ಹಳದಿ, ನೇರಳೆ, ಯಾವ ಬಟ್ಟೆ ಅಂಗಡಿಯವನಿಗೂ ಹೊಳೆಯದ ಅಂಚು. ತಲೆ ಮೇಲೆ ಎರಡು ಕೊಂಬು, ಬೆನ್ನಿನ ಕೊನೆಗೆ ಹೂವಿನ ಹಾಗೆ ಅರಳಿದ ಕಿವಿರು. ಗಂಡೂ ಅದೇ, ಹೆಣ್ಣೂ ಅದೇ, ಯಾರು ಯಾರ ಮನೆಗೆ ಹೋಗಬೇಕು ಅನ್ನೋ ಜಗಳವೇ ಇಲ್ಲ. ಇನ್ನೂ ಒಂದು ತಮಾಷೆ ಕೇಳು, ಇಷ್ಟೆಲ್ಲ ಅಲಂಕಾರ ಮಾಡ್ಕೊಂಡಿರೋ ಹುಳಕ್ಕೆ ಕಣ್ಣೇ ಕಾಣಲ್ಲ. ಕತ್ತಲೆ ಯಾವುದು, ಬೆಳಕು ಯಾವುದು, ಅಷ್ಟೇ ಗೊತ್ತಾಗೋದು. ವಾಸನೆ ಹಿಡಿದೇ ಊಟ, ವಾಸನೆ ಹಿಡಿದೇ ಸಂಸಾರ. ಎಷ್ಟು ನೆಮ್ಮದಿಯಾಗಿ ಬದುಕುತ್ತೆ ಅಂತೀಯ.

ಸರಿ, ಬಂದ ವಿಷಯಕ್ಕೆ ಬರ್ತೀನಿ. ಗಡಿಯಾರ ನೋಡಬೇಡ.

ನಿನ್ನ ಜಾಗಕ್ಕೆ ಒಬ್ಬನನ್ನ ತಂದಿದ್ದಾರಲ್ಲ, ಅವನ ಕೈಗೆ ಕೋಣೆ ಕೊಟ್ಟಾಗಿನಿಂದ ಅಂಗಡಿ ತುಂಬ ಬುಸ್ ಬುಸ್ ಅಂತ ಸದ್ದು. ಅರ್ಧ ಕೊಳವೆಗಳು ಸೋರ್ತಿವೆ. ಮೊನ್ನೆ ಒಬ್ಬರ ಸಿಲಿಂಡರ್ ಅರ್ಧ ತುಂಬಿಸಿ ಕಳಿಸಿದ್ದ, ದೋಣಿಯಲ್ಲೇ ಗೊತ್ತಾಯ್ತು, ಪುಣ್ಯಕ್ಕೆ. ಯಜಮಾನರಿಗೆ ನಿನ್ನ ಬೆಲೆ ಈಗ ತಿಳೀತಿದೆ. ಆದರೆ ಯಜಮಾನರು ಅಂದ್ಮೇಲೆ ‘ತಪ್ಪಾಯ್ತು, ವಾಪಸ್ ಬಾ’ ಅನ್ನೋಕಾಗುತ್ತಾ? ನಾನು ಎಷ್ಟು ಸಲ ಅವರ ಕೋಣೆಗೆ ಅಲೆದಿದ್ದೀನಿ ಅಂತ ನಿನಗೆ ಗೊತ್ತಿಲ್ಲ. ನಿಂತ ಕಾಲಲ್ಲಿ ನಿಂತು ಕೇಳಿದ್ದೀನಿ. ಕೊನೆಗೆ ನಿನ್ನೆ ಒಪ್ಪಿದ್ರು. ಒಂದು ಕ್ಷಮಾಪಣೆ ಪತ್ರ ಸಾಕಂತೆ. ನೀನು ಬರೆಯೋ ಕಷ್ಟವೂ ಇಲ್ಲ, ಗುಮಾಸ್ತ ಬರೆದುಕೊಟ್ಟಿದ್ದಾನೆ. ತಗೋ, ಇದೇ. ನೀನು ಸಹಿ ಹಾಕಿದ್ರೆ ಸೋಮವಾರದಿಂದ ಕೋಣೆ ನಿನ್ನದು.

ಏನಿದೆ ಅಂತೀಯಾ? ಏನಿಲ್ಲ, ನಾಲ್ಕೇ ಸಾಲು. ಗುಮಾಸ್ತ ಎರಡು ಸಲ ಓದಿ ಹೇಳಿದ, ನನಗೆ ಬಾಯಿಪಾಠವೇ ಆಗಿದೆ. ‘ಗೇಜ್ ಕೆಟ್ಟಿತ್ತು. ಅದು ನನಗೆ ಮೊದಲೇ ತಿಳಿದಿತ್ತು. ಆದರೂ ಯಾರಿಗೂ ಹೇಳದೆ ಕೆಲಸ ಮುಂದುವರಿಸಿದೆ. ಇದರಿಂದ ಗ್ರಾಹಕರೊಬ್ಬರ ಜೀವಕ್ಕೆ ಅಪಾಯವಾಯಿತು. ಇದಕ್ಕೆ ನಾನೇ ಹೊಣೆ, ಕ್ಷಮೆ ಕೋರುತ್ತೇನೆ.’ ನಾಲ್ಕಲ್ಲ, ಐದು. ಇರಲಿ.

...ಯಾಕೆ ನಗ್ತೀಯ?

ನಗೋ ಮಾತು ಏನಿತ್ತು ಇದರಲ್ಲಿ? ನಿನ್ನ ನಗು ನನಗೆ ಚೆನ್ನಾಗಿ ಗೊತ್ತು, ಚಿಕ್ಕವಳಿದ್ದಾಗ ಅಳು ಬಂದ್ರೂ ನೀನು ಹೀಗೇ ನಗ್ತಿದ್ದೆ. ನೋಡು, ಇದು ಬರೀ ಕಾಗದ. ಯಾರೂ ಇದನ್ನ ಗೋಡೆಗೆ ತೂಗುಹಾಕಲ್ಲ. ಫೈಲಿಗೆ ಹೋಗುತ್ತೆ, ಗೆದ್ದಲು ತಿನ್ನುತ್ತೆ. ಕೆಲಸ ನಿನ್ನದಾಗುತ್ತೆ. ಸ್ವಲ್ಪ ತಗ್ಗಿದ್ರೆ ಏನಾಗುತ್ತೆ? ನಾನಾಗಿದ್ರೆ ಕಣ್ಣು ಮುಚ್ಚಿಕೊಂಡು ಸಹಿ ಹಾಕ್ತಿದ್ದೆ.

ಆಯ್ತು, ಕಾಗದ ಅಲ್ಲೇ ಇರಲಿ. ಒತ್ತಾಯ ಇಲ್ಲ. ಆ ದಿನದ ಕಥೆ ನಿನಗೆ ಊರೆಲ್ಲ ಹೇಳಿದೆ, ನಾನೊಬ್ಬಳು ಹೇಳಿಲ್ಲ. ಅದೇ ನಿನ್ನ ಸಿಟ್ಟು ಅಂತ ನನಗೆ ಗೊತ್ತು. ಹೇಳ್ತೀನಿ, ಕೇಳು.

ಹಲ್ಲಿನ ಡಾಕ್ಟರಮ್ಮನ ಮೇಲೆ ನನಗೆ ಎಷ್ಟು ಪ್ರೀತಿ ಅಂತ ನಿನಗೆ ಬೇರೆ ಹೇಳಬೇಕಾ. ಹನ್ನೊಂದು ವರ್ಷದಿಂದ ಪ್ರತಿ ವರ್ಷ ಎರಡು ವಾರ ಬರ್ತಾರೆ, ಬಂದ್ರೆ ನನ್ನ ಜೊತೆಗೇ ಇಳಿಯೋದು. ಅರವತ್ತನಾಲ್ಕು ವಯಸ್ಸು. ಜೀವಮಾನವೆಲ್ಲ ಜನರ ಬಾಯಿಗೆ ಬೆಳಕು ಬಿಟ್ಟು ನೋಡಿದ್ದೀನಿ, ನೋವಾಗುತ್ತೆ ಅಂತ ಮುಚ್ಚಿಕೊಳ್ಳದ ಬಾಯಿ ಅಂದ್ರೆ ಸಮುದ್ರ ಒಂದೇ ಅಂತ ನಗ್ತಿದ್ರು. ಅವರ ಪುಸ್ತಕದಲ್ಲಿ ಇನ್ನೂರ ಹನ್ನೊಂದು ಜಾತಿಯ ಹುಳು ಇದ್ವು. ಒಂದು ಮಾತ್ರ ಸಿಕ್ಕಿರಲಿಲ್ಲ, ಈಜೋ ಹುಳು. ಅದು ಹುಳುಗಳಲ್ಲೇ ದೊಡ್ಡದು, ಎರಡು ಅಂಗೈ ಸೇರಿಸಿದಷ್ಟು. ಬೆದರಿದ್ರೆ ಬಂಡೆ ಬಿಟ್ಟು ಎದ್ದು, ಮೈಯ ಅಂಚೆಲ್ಲ ಬೀಸಿಕೊಂಡು ನೀರಲ್ಲಿ ಕುಣಿಯುತ್ತೆ. ಹನ್ನೊಂದು ವರ್ಷ ಅದಕ್ಕೋಸ್ಕರ ಕಾದಿದ್ರು.

ಆ ದಿನ ದೋಣಿಯಲ್ಲಿ ಅವರ ಮಾಸ್ಕಿನ ಪಟ್ಟಿ ಕಿತ್ತುಹೋಯ್ತು. ಅದೇ, ಹತ್ತಿರದ್ದು ಓದೋಕೆ ಅಂತ ನೀನು ಒಳಗೆ ಅರ್ಧಚಂದ್ರದ ಗಾಜು ಅಂಟಿಸಿಕೊಟ್ಟಿದ್ದೆಯಲ್ಲ, ಆ ಮಾಸ್ಕು. ಅಂಗಡಿಯ ಬೇರೆ ಮಾಸ್ಕ್ ಹಾಕಿಕೊಂಡ್ರು. ಅದರಲ್ಲಿ ಅವರಿಗೆ ಗೇಜ್ ಕಾಣಲ್ಲ. ಎಷ್ಟು ಗಾಳಿ ಉಳಿದಿದೆ ಅಂತ ತಾವೇ ನೋಡ್ಕೊಳ್ಳೋಕೆ ಆಗಲ್ಲ. ನನ್ನ ಭುಜ ತಟ್ಟಿ, ‘ಇವತ್ತು ನನ್ನ ಕಣ್ಣೂ ನೀನೇ’ ಅಂದ್ರು. ಅದಕ್ಕೇನಂತೆ ಡಾಕ್ಟರಮ್ಮ, ನನ್ನ ಹತ್ತಿರ ಎರಡಿವೆಯಲ್ಲ, ಒಂದು ನಿಮಗೆ ಅಂದೆ.

ಇಳಿದ್ವಿ. ಹದಿನೆಂಟು ಮೀಟರ್. ನಿನಗೆ ಗೊತ್ತಲ್ಲ, ಅಷ್ಟು ಆಳಕ್ಕೆ ಕೆಂಪು ಬಣ್ಣ ಬರೋದೇ ಇಲ್ಲ. ಕೆಂಪಿದ್ದದ್ದೆಲ್ಲ ಕಂದು, ಬೂದಿ, ಕಪ್ಪು. ಹವಳದ ದಿಬ್ಬದ ಅಂಚಿನಲ್ಲಿ ಮುಕ್ಕಾಲು ಗಂಟೆ ತಿರುಗಿದ್ವಿ. ಆಮೇಲೆ, ಒಂದು ಬಂಡೆ ಕೆಳಗಿಂದ, ಅದು ಎದ್ದು ಬಂತು ಕಣೇ. ಈಜೋ ಹುಳು. ಡಾಕ್ಟರಮ್ಮ ಟಾರ್ಚ್ ಬಿಟ್ಟ ತಕ್ಷಣ ಆ ಕಪ್ಪು ತುಂಡು ಕೆಂಡದ ಹಾಗೆ ಆಗಿಬಿಡ್ತು. ಏಳುತ್ತೆ, ಬೀಸುತ್ತೆ, ಮಡಚಿಕೊಳ್ಳುತ್ತೆ, ಮತ್ತೆ ಏಳುತ್ತೆ. ಡಾಕ್ಟರಮ್ಮ ಮೌತ್‌ಪೀಸ್ ಒಳಗೇ ಏನೋ ಕೂಗಿದ್ರು. ಒಂದರ ಮೇಲೊಂದು ಫೋಟೋ ತೆಗೆದ್ರು. ಸಂತೋಷ ಆದ್ರೆ ಉಸಿರು ಜಾಸ್ತಿ ಎಳೀತಾರೆ ಜನ, ಅದೂ ಗೊತ್ತಿದ್ದದ್ದೇ. ನಾನೂ ನೋಡ್ತಾ ನಿಂತೆ. ಏನೋ... ನಾನೂ ನೋಡ್ತಾ ನಿಂತೆ.

ಫೋಟೋ ತೆಗೆದಾದ ಮೇಲೆ ತಮ್ಮ ಗೇಜ್ ಎತ್ತಿ ನನ್ನ ಮುಖದ ಮುಂದೆ ಹಿಡಿದ್ರು, ಹುಬ್ಬು ಏರಿಸಿದ್ರು, ಎಷ್ಟು ಅಂತ. ನೋಡಿದೆ. ಒಂಬತ್ತು ಬೆರಳು ತೋರಿಸಿದೆ. ತೊಂಬತ್ತು. ಐವತ್ತಕ್ಕೆ ಇಳಿದ್ರೆ ತಾನೇ ಮೇಲೆ ಹೊರಡೋದು, ಅವರು ನೆಮ್ಮದಿಯಾಗಿ ಮತ್ತೆ ಹುಳದ ಕಡೆ ತಿರುಗಿದ್ರು. ಏಳೆಂಟು ನಿಮಿಷ ಆಗಿರಬೇಕು. ಇದ್ದಕ್ಕಿದ್ದ ಹಾಗೆ ಕುತ್ತಿಗೆಗೆ ಕೈ. ಕಣ್ಣು ಇಷ್ಟಗಲ. ಎಳೆದ್ರೆ ಗಾಳಿ ಬರ್ತಿಲ್ಲ. ನನ್ನ ಎರಡನೇ ಮೌತ್‌ಪೀಸ್ ಅವರ ಬಾಯಿಗೆ ಇಡೋ ಹೊತ್ತಿಗೆ ನೀರು ಕುಡಿದುಬಿಟ್ಟಿದ್ರು. ಅಪ್ಪಿಕೊಂಡು ಮೇಲೆ ತಂದೆ. ದೋಣಿಯಲ್ಲಿ ಕೆಮ್ಮಿದಾಗ ನೊರೆಯ ಜೊತೆ ರಕ್ತ ಬಂತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಬದುಕಿದ್ರು. ಇನ್ನು ನೀರಿಗೆ ಇಳಿಯೋ ಹಾಗಿಲ್ಲ ಅಂದಿದ್ದಾರೆ, ಯಾವತ್ತೂ.

ನೀರು ಕುಡೀತೀಯಾ? ನನಗೆ ಬೇಕು. ಇಲ್ಲ, ನಾನೇ ತಗೋತೀನಿ.

ಆಸ್ಪತ್ರೆಗೆ ಇನ್‌ಸ್ಪೆಕ್ಟರ್ ಬಂದ್ರು. ನಾನಿನ್ನೂ ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಗೇಜ್ ಎಷ್ಟು ತೋರಿಸ್ತಿತ್ತು ಅಂತ ಕೇಳಿದ್ರು. ತೊಂಬತ್ತು ಅಂದೆ. ಒಂದೇ ಮಾತು, ಅಷ್ಟೇ ನಾನು ಹೇಳಿದ್ದು. ನಿನ್ನ ಹೆಸರು ಎತ್ತಲಿಲ್ಲ. ತೊಂಬತ್ತು ಇದ್ದವರಿಗೆ ಏಳೆಂಟು ನಿಮಿಷಕ್ಕೆ ಗಾಳಿ ಮುಗಿಯೋದು ಹೇಗೆ? ಹಾಗಾದ್ರೆ ಗೇಜ್ ಸುಳ್ಳು ಹೇಳಿದೆ. ಅವರೇ ಹೇಳಿಕೊಂಡ್ರು, ಅವರೇ ಬರೆದುಕೊಂಡ್ರು. ಮಾರನೇ ದಿನ ಯಜಮಾನರು ಹೆದರಿಕೊಂಡು ಹಳೇ ಗೇಜುಗಳನ್ನೆಲ್ಲ ಗುಜರಿಗೆ ಹಾಕಿಬಿಟ್ರು. ನೀನು ಬಂದು, ಆ ಗೇಜ್ ಕೊಡಿ, ತುಂಬಿದ ಸಿಲಿಂಡರಿಗೆ ಹಾಕಿ ಎಲ್ಲರ ಮುಂದೆ ತೋರಿಸ್ತೀನಿ ಅಂತ ಮೂರು ಸಲ ಕೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಅಲ್ಲೇ ಇದ್ದೆ, ಹೌದು. ಬೂಟಿನ ದಾರ ಕಟ್ಟಿಕೊಳ್ತಿದ್ದೆ. ...ಎಷ್ಟು ಹೊತ್ತು ಕಟ್ಟಿದೆ ಅಂತ ನೀನೇನು ಲೆಕ್ಕ ಇಟ್ಟಿದ್ಯಾ?

ಬಿಡು. ಆಗಿದ್ದು ಆಯ್ತು. ಬರಿಗೈಲಿ ಬಂದಿಲ್ಲ ನಾನು. ಡಾಕ್ಟರಮ್ಮ ಅಂಚೆಯಲ್ಲಿ ಒಂದು ಲಕೋಟೆ ಕಳಿಸಿದ್ದಾರೆ. ನೋಡು ಇಲ್ಲಿ. ಆ ದಿನದ ಫೋಟೋ, ದೊಡ್ಡದಾಗಿ ಮಾಡಿಸಿದ್ದಾರೆ. ಈಜೋ ಹುಳು ಪೂರ್ತಿ ಅರಳಿದ ಕ್ಷಣ. ಫ್ಲ್ಯಾಶ್ ಬಿದ್ದು ಕೆಂಪು ಹೇಗೆ ಉರೀತಿದೆ ನೋಡು. ದೂರ ಹಿಡಿದು ನೋಡು, ಹೀಗೆ, ಕೈ ಚಾಚಿ. ಹತ್ತಿರ ಹಿಡಿದ್ರೆ ಚಂದ ಹಾಳಾಗುತ್ತೆ. ಇದರ ಜೊತೆ ಒಂದು ಚೀಟಿ ಇತ್ತು. ನಿಮ್ಮ ಭಾವ ಓದಿ ಹೇಳಿದ್ರು. ‘ಕೋಪವಿಲ್ಲ. ಈ ಚಿತ್ರ ನಿಮಗೂ ನಿಮ್ಮ ತಂಗಿಗೂ. ಹುಳವನ್ನು ನೋಡಿದ ಮೇಲೆ ಮೂಲೆಯನ್ನೂ ನೋಡಿ.’ ಎಂಥ ದೊಡ್ಡ ಮನಸ್ಸು. ನಿನ್ನ ಮೇಲೆ ಕೋಪವಿಲ್ಲ ಅಂತ ಬರೆದಿದ್ದಾರೆ ಕಣೇ, ಅದನ್ನ ತೋರಿಸೋಕೇ ಓಡಿ ಬಂದೆ.

ಮೂಲೆಯಲ್ಲಿ ಏನು ಅಂದ್ರೆ, ಸೀಗಡಿ ಇರಬೇಕು. ಈ ಹುಳದ ಮೈಮೇಲೆ ಸವಾರಿ ಮಾಡೋ ಪುಟ್ಟ ಸೀಗಡಿ ಒಂದಿದೆ, ಯಜಮಾನನ ಹಾಗೆ ಕೂತ್ಕೊಂಡು ಊರೆಲ್ಲ ತಿರುಗುತ್ತೆ. ಅದೂ ಸಿಕ್ಕಿರಬೇಕು ಫೋಟೋದಲ್ಲಿ. ನಾನು ನೋಡಿದೆ, ಇದ್ದ ಹಾಗೇ ಇದೆ. ನೀನೂ ನೋಡು. ಬಲಗಡೆ, ಕೆಳಗೆ.

ಕಂಡಿತಾ? ...ಭೂತಗನ್ನಡಿ ಯಾಕೆ ತಗೊಂಡೆ, ಅಷ್ಟು ಚಿಕ್ಕದಾ? ಎಷ್ಟಿವೆ, ಒಂದಾ ಎರಡಾ?

ಏನು, ಅಷ್ಟು ಹೊತ್ತಿಂದ ನೋಡ್ತಿದ್ದೀಯ. ಹೇಳಬಾರದಾ. ಸೀಗಡಿ ಅಲ್ವಾ? ತಲೆ ಅಲ್ಲಾಡಿಸಿದ್ರೆ ನನಗೇನು ಗೊತ್ತಾಗುತ್ತೆ. ಹಾಗಾದ್ರೆ ಇನ್ನೇನು, ನಾನು ಹುಳು ತೋರಿಸೋ ಕೋಲಿನ ತುದಿನಾ? ನನ್ನ ಮುಖ ಯಾಕೆ ನೋಡ್ತೀಯ? ಫೋಟೋ ಅಲ್ಲಿದೆ, ನನ್ನ ಮುಖದಲ್ಲಿ ಏನಿದೆ?

ಬೇಡ, ಭೂತಗನ್ನಡಿ ನನಗೆ ಬೇಡ. ನನಗೆ ಯಾಕೆ... ಸೂಜಿಗಣ್ಣಿಗೆ ಭೂತಗನ್ನಡಿ ಕೊಟ್ಟಳಂತೆ ತಂಗಿ, ಅಂಗಡಿಯಲ್ಲಿ ಹೇಳಿದ್ರೆ ನಗ್ತಾರೆ. ಕೈ ಬಿಡು. ಆಯ್ತು, ಕೊಡು. ನೋಡ್ತೀನಿ. ಎಲ್ಲಿ... ಇದು ಬಂಡೆ... ಇದು ಅವರ ಕೊಳವೆ ಇರಬೇಕು, ಜೋತಾಡ್ತಿದೆ... ಅದರ ಕೊನೆಗೆ ದುಂಡಗೆ...

ಗೇಜ್.

ಅವರದೇ. ಫ್ಲ್ಯಾಶ್ ಇದರ ಮೇಲೂ ಬಿದ್ದಿದೆ. ಕೆಂಪು ಪಟ್ಟಿ ಕೆಂಪಗೇ ಇದೆ. ಮುಳ್ಳು ಅದರೊಳಗೇ ನಿಂತಿದೆ. ಐವತ್ತು ಇಲ್ಲಿ... ಅದಕ್ಕಿಂತ ಒಂದು ಗೆರೆ ಕೆಳಗೆ. ನಲವತ್ತು.

ಎಷ್ಟು ಚೆನ್ನಾಗಿ ಕಾಣುತ್ತೆ ಇದರಲ್ಲಿ.

...ಇಲ್ಲ, ಹೀಗೂ ಇರಬಹುದಲ್ಲ, ಗೇಜ್ ಕೆಟ್ಟಿದೆ ಅಂದ್ಮೇಲೆ ಅದು ಒಮ್ಮೆ ನಲವತ್ತು, ಒಮ್ಮೆ ತೊಂಬತ್ತು... ಮುಳ್ಳು ಸಿಕ್ಕಿಹಾಕಿಕೊಂಡು... ಇಲ್ಲ. ಹಾಗಾಗಲ್ಲ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಏನಾದ್ರೂ ಅನ್ನು. ಬೈಯಿ. ಆ ಮಿಕ್ಸಿ ಜಾರ್ ಎತ್ತಿ ಎಸಿ, ಬೇಡ ಅನ್ನಲ್ಲ. ಸುಮ್ಮನೆ ಕೂರಬೇಡ ಕಣೇ. ನೀನು ಅವತ್ತೂ ಹೀಗೇ ನಿಂತಿದ್ದೆ, ಗುಜರಿಯವನ ಗಾಡಿ ಹೋಗುವಾಗ. ಎಲ್ಲರ ಮುಖ ನೋಡಿದೆ. ಕೊನೆಗೆ ನನ್ನ ಮುಖ ನೋಡಿದೆ.

ಮೂರು ವರ್ಷ ಆಯ್ತು. ಮೊದಲು ಪೇಪರಿನ ಅಕ್ಷರ ಇರುವೆ ಆಯ್ತು. ಆಮೇಲೆ ಬೆರಳಿನ ಗೆರೆ ಹೋಯ್ತು. ಚಾಳೀಸು, ಎಲ್ಲರಿಗೂ ಬರೋದೇ, ಅದರಲ್ಲೇನಿದೆ ಅಂತೀಯ. ಗಡ್ಡದ ಗೈಡ್ ಗೊತ್ತಲ್ಲ ನಿನಗೆ. ಪಾಪ, ನೆಟ್ಟಗೆ ಹೋಗಿ ಕನ್ನಡಕ ಹಾಕ್ಕೊಂಡು ಬಂದ. ಮಾರನೇ ದಿನ ಕೌಂಟರಿನಲ್ಲಿ ಟಿಕೆಟ್ ಹರೀತಿದ್ದ. ನನ್ನ ಹೆಸರೇ ಸೂಜಿಗಣ್ಣು. ಅದೂ ಹೋದ್ರೆ ನನ್ನದು ಅಂತ ಉಳಿಯೋದೇನು? ನೀರೊಳಗೆ ಮಾಸ್ಕು ಎಲ್ಲವನ್ನೂ ಸ್ವಲ್ಪ ದೊಡ್ಡದಾಗಿ ತೋರಿಸುತ್ತೆ, ಅದರಲ್ಲೇ ಒಂದು ವರ್ಷ ತಳ್ಳಿದೆ. ಆಮೇಲೆ ಹುಳು ನೋಡೋದೇ ಬಿಟ್ಟೆ. ಬಂಡೆ ಮೇಲೆ ಬೆಳೆಯೋ ಸ್ಪಂಜುಗಳಲ್ಲಿ ಯಾವ ಹುಳು ಯಾವುದನ್ನ ತಿನ್ನುತ್ತೆ ಅಂತ ಗೊತ್ತಲ್ಲ. ಸ್ಪಂಜಿನ ಮುಂದೆ ಕೋಲು ಹಿಡಿದು ಗಂಭೀರವಾಗಿ ನಿಲ್ತೀನಿ. ದುಡ್ಡು ಕೊಟ್ಟು ಬಂದವರು, ಬಿಡ್ತಾರಾ, ಅವರೇ ಹುಡುಕಿಕೊಳ್ತಾರೆ. ಸಿಕ್ಕಿದ ಮೇಲೆ ನನಗೆ ಕೈ ಮುಗೀತಾರೆ. ಒಂದು ಸಲ ದೋಣಿಯಿಂದ ಉದುರಿದ ಬಣ್ಣದ ಚೂರಿಗೆ ಕೋಲು ತೋರಿಸಿದ್ದೆ. ಆರು ಜನ ಸಾಲಾಗಿ ಬಂದು ಫೋಟೋ ತೆಗೆದ್ರು. ಇದರ ಹೆಸರೇನು ಅಂದ್ರು. ಇನ್ನೂ ಹೆಸರಿಟ್ಟಿಲ್ಲ ಅಂದೆ.

ಈಗ ನಗಬಹುದಿತ್ತು ನೀನು.

ಆ ಈಜೋ ಹುಳು... ಮೂರು ವರ್ಷಕ್ಕೆ ಮೊದಲ ಸಲ ನಾನೇ ನನ್ನ ಕಣ್ಣಲ್ಲಿ ಕಂಡ ಹುಳು ಅದು. ಅಷ್ಟು ದೊಡ್ಡದು, ಯಾರೂ ತೋರಿಸಬೇಕಾಗಿರಲಿಲ್ಲ. ಡಾಕ್ಟರಮ್ಮ ಹನ್ನೊಂದು ವರ್ಷ ಕಾದಿದ್ರು, ನಾನು ಮೂರು. ನಿಂತು ನೋಡಿಬಿಟ್ಟೆ ಕಣೇ. ಹೊತ್ತೇ ಮರೆತೆ. ಅವರು ಗೇಜ್ ಎತ್ತಿ ಹಿಡಿದ್ರು. ನನಗೆ ಕಂಡಿದ್ದು ಒಂದು ಬಿಳೀ ಮಬ್ಬು, ಅಷ್ಟೇ. ಮುಕ್ಕಾಲು ಗಂಟೆಗೆ ಅವರಲ್ಲಿ ಯಾವಾಗಲೂ ತೊಂಬತ್ತು ಉಳೀತಿತ್ತು, ಪ್ರತಿ ವರ್ಷ, ಪ್ರತಿ ಸಲ. ಬೆರಳು ತೋರಿಸಿದೆ.

ಓದಲಿಲ್ಲ. ಊಹೆ ಮಾಡಿದೆ.

ಇನ್‌ಸ್ಪೆಕ್ಟರ್ ಕೇಳಿದಾಗ ಗೇಜಿನ ಮೇಲೆ ಹೋಗಲಿ ಅಂದ್ಕೊಂಡೆ. ಗೇಜಿಗೇನು ಅಪ್ಪನಾ ಅಮ್ಮನಾ, ಯಾರು ಅಳ್ತಾರೆ ಅಂದ್ಕೊಂಡೆ. ಅದಕ್ಕೆ ನೀನಿದ್ದೀಯ ಅನ್ನೋದು ಮರೆತೇಹೋಯ್ತು. ನಿಜವಾಗ್ಲೂ ಮರೆತೆ, ಒಂದು ರಾತ್ರಿ ಮಟ್ಟಿಗೆ. ಬೆಳಿಗ್ಗೆ ನಿನ್ನನ್ನ ಕರೆಸಿದಾಗ ನೆನಪಾಯ್ತು. ಆಗ ಹೇಳಬಹುದಿತ್ತು. ಬೂಟಿನ ದಾರ ಕಟ್ಟಿದೆ.

ಎಲ್ಲಿಗೆ ಎದ್ದೆ? ಹೋಗಬೇಡ. ...ಓ, ಪೆನ್ನಾ. ನನಗಾ? ಕಾಗದನೂ ಇತ್ತ ತಳ್ತಿದ್ದೀಯ.

ಹೊಸದಾಗಿ ಬರೀಬೇಕು ಅಂತೀಯಾ? ಬೇಡ ಅನ್ಸುತ್ತೆ ಕಣೇ. ಅದನ್ನ ನೀನೇ ಹಿಡ್ಕೊ, ಒಂದೇ ಕಡೆ ತಿದ್ದಿದ್ರೆ ಸಾಕು. ‘ಗೇಜ್’ ಅಂತ ಇದೆಯಲ್ಲ, ಮೊದಲನೇ ಸಾಲಲ್ಲಿ, ಅದನ್ನ ಹೊಡೆದುಹಾಕು. ಮೇಲೆ ‘ಕಣ್ಣು’ ಅಂತ ಬರಿ. ಕಣ್ಣು ಕೆಟ್ಟಿತ್ತು. ಅದು ನನಗೆ ಮೊದಲೇ ತಿಳಿದಿತ್ತು. ಆದರೂ ಯಾರಿಗೂ ಹೇಳದೆ ಕೆಲಸ ಮುಂದುವರಿಸಿದೆ. ಮಿಕ್ಕಿದ್ದೆಲ್ಲ ಸರಿಯಾಗೇ ಬರೆದಿದ್ದಾನೆ ಗುಮಾಸ್ತ, ಒಂದಕ್ಷರ ಮುಟ್ಟಬೇಡ.

ಬರೆದ್ಯಾ? ಕೊಡು ಪೆನ್ನು.

ಸಹಿ ಎಲ್ಲಿ ಹಾಕಬೇಕು? ಇಲ್ಲೇನಾ? ...ಇಲ್ಲೇನಾ? ಬೆರಳಿಟ್ಟು ತೋರಿಸೇ.